ಸೂತ್ರನಾಭಿಯ ಬೇರು: ನಿದ್ದೆಯ ಮದ್ದೊಂದು ಹಿಡಿದ ದಾರಿ

ಇಡೀ ರಾತ್ರಿ ಬಯಲಾಟ ನೋಡಿ ಬೆಳಗಿನ ಜಾವ ಮನೆಗೆ ಬಂದವರ ಮೈ ಯಾರೋ ಬಡಿದು ಹಾಕಿದಂತೆ ನೋಯುತ್ತದೆ. ಕಾರಣವಿಲ್ಲದೆ ಎದೆ ಢವಗುಟ್ಟುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. ಇದನ್ನು ಬರೆದಿಡಲು ನಿದ್ರಾವಿಜ್ಞಾನ ಹುಟ್ಟಬೇಕಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯ ತಡೆಹಿಡಿಯಬಾರದ ದೇಹವೇಗಗಳ ಸಾಲಿನಲ್ಲಿ ನಿದ್ದೆಯನ್ನೂ ಸೇರಿಸುತ್ತದೆ. ಅದನ್ನು ತಡೆದರೆ ಆಕಳಿಕೆ, ಜೋಂಪು, ತಲೆಬೇನೆ, ಕಣ್ಣಿನ ಭಾರ, ಜೊತೆಗೆ ಅಂಗಮರ್ದ, ಅಂದರೆ ಮೈ ಹಿಂಡಿದಂಥ ನೋವು ಬರುತ್ತದೆ ಎನ್ನುತ್ತದೆ. ಪ್ರಯೋಗಾಲಯದ ಸಾಕ್ಷ್ಯಕ್ಕೆ 1975ರವರೆಗೆ ಕಾಯಬೇಕಾಯಿತು. ಆ ವರ್ಷ ಟೊರಾಂಟೊದ ಹಾರ್ವಿ ಮೋಲ್ಡಾಫ್‌ಸ್ಕಿ ಮತ್ತು ಸಂಗಡಿಗರು, ಆರೋಗ್ಯವಂತರ ಗಾಢ ನಿದ್ದೆಯನ್ನು ಸದ್ದು ಮಾಡಿ ಕದಡಿದರೆ ಬೆಳಗ್ಗೆ ಅವರ ಸ್ನಾಯುಗಳು ನೋಯುತ್ತವೆ ಎಂದು ತೋರಿಸಿದರು.

ಚರಕ ಹೇಳುವ ಪರಿಹಾರಗಳು ಬಹುಪಾಲು ಅಡುಗೆಮನೆ, ಬಚ್ಚಲುಮನೆಗಳವು. 21ನೇ ಅಧ್ಯಾಯದಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುವುದು, ಸ್ನಾನ, ಮೊಸರನ್ನ, ಹಾಲು, ಹಿತವಾದ ಗಂಧ, ಹಿತವಾದ ಶಬ್ದ, ಮೈ ಒತ್ತಿಸಿಕೊಳ್ಳುವುದು ಬರುತ್ತವೆ. 25ನೇ ಅಧ್ಯಾಯ ನಿದ್ದೆ ತರಿಸುವ ವಸ್ತುಗಳಲ್ಲಿ ಎಮ್ಮೆಯ ಹಾಲೇ ಮೇಲು ಎನ್ನುತ್ತದೆ. ಈ ಲೇಖನದ ವಸ್ತುವಾದ, ಇಂದು ಸರ್ಪಗಂಧ ಎಂದು ಕರೆಯುವ ಸೂತ್ರನಾಭಿಯ ಬೇರು ಆ ಸಾಲಿನಲ್ಲಿಲ್ಲ. ಸರ್ಪಗಂಧ ಎಂಬ ಹೆಸರು ಹಳೆಯ ಸಂಹಿತೆಗಳಲ್ಲಿ ಕಾಣುವುದು ವಿಷದ ಪ್ರಕರಣಗಳಲ್ಲಿ. ಹೆಸರು ಒಂದೇ ಆದ ಮಾತ್ರಕ್ಕೆ ಗಿಡವೂ ಒಂದೇ ಎಂದುಕೊಳ್ಳುವುದು ನಮ್ಮ ಔಷಧ ಚರಿತ್ರೆಯ ಬರವಣಿಗೆಗೆ ಅಂಟಿದ ಹಳೆಯ ಚಾಳಿ. ಎರಡು ಸಾವಿರ ವರ್ಷಗಳ ಅಖಂಡ ಪರಂಪರೆ ಎಂದು ಇಂದು ಸಲೀಸಾಗಿ ಹೇಳುವ ಮಾತಿಗೆ ಇಷ್ಟೇ ಬುಡವಿರುವುದು.

ಗಿಡ ನೋಡಲು ಸಾಧಾರಣ. ಮೊಣಕಾಲೆತ್ತರ, ಗೆಣ್ಣಿಗೆ ಮೂರು ಮೂರರಂತೆ ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಪುಟ್ಟ ಕಾಯಿ. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ, ಹಿಮಾಲಯದ ತಪ್ಪಲಿನಲ್ಲಿ ಮರಗಳ ನೆರಳಿಗೆ ಬೆಳೆಯುತ್ತದೆ. ಕನ್ನಡದಲ್ಲಿ ಸೂತ್ರನಾಭಿ, ಶಿವನಾಭಿ, ಪಾತಾಳಗಂಧಿ ಎಂಬ ಹೆಸರುಗಳಿವೆ. ಮಲೆನಾಡಿನ ಒಂದು ಗ್ರಂದಿಗೆ ಅಂಗಡಿಯಲ್ಲಿ ನಾನು ಕೇಳಿದಾಗ ಅಂಗಡಿಯವರು ಹೆಸರು ಹೇಳದೆ, 'ಬಿಪಿ ಬೇರಾ?' ಎಂದು ಡಬ್ಬ ತೆರೆದರು. ಕಿರುಬೆರಳ ಗಾತ್ರದ, ಹಾವಿನಂತೆ ಅಂಕುಡೊಂಕಾದ ತುಂಡುಗಳು, ಮೇಲೆ ಮಾಸಲು ಹಳದಿ ಸಿಪ್ಪೆ. ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದೆ. ಆ ಕಹಿ ಊಟದ ಹೊತ್ತಿಗೂ ಹೋಗಲಿಲ್ಲ. ಗಿಡದ ಕ್ಷಾರಾಭಗಳಲ್ಲಿ (ಆಲ್ಕಲಾಯ್ಡ್) ಹೆಚ್ಚಿನ ಪಾಲು ಇರುವುದು ಆ ಸಿಪ್ಪೆಯಲ್ಲೇ. 'ನಿದ್ದೆಗೂ ಕೊಡ್ತಾರಾ?' ಎಂದೆ. 'ನಿದ್ದೆಗೆ ಅಶ್ವಗಂಧ ಒಯ್ಯಿರಿ' ಎಂದರು. ಆ ಉತ್ತರದಲ್ಲಿ ಒಂದು ಶತಮಾನದ ಚರಿತ್ರೆ ಅಡಗಿದೆ. ನಿದ್ದೆಗೆಂದೇ ಹೆಸರಾಗಿದ್ದ ಬೇರು 'ಬಿಪಿ ಬೇರು' ಆದದ್ದು ಹೇಗೆ?

ಯೂರೋಪಿಗೆ ಈ ಬೇರು ಹೋದದ್ದು ಹಾವಿನ ಮದ್ದಾಗಿ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ಸಂವಾದ ಗ್ರಂಥದಲ್ಲಿ 'ಹಾವಿನ ಮರ'ದ ಪ್ರಸ್ತಾಪವಿದೆ. ಹಾವಿನೊಡನೆ ಕಾದುವ ಮುಂಗುಸಿ ಈ ಬೇರನ್ನು ತಿಂದು ಬರುತ್ತದೆ ಎಂಬ ಕಥೆಯೂ ಹಡಗು ಹತ್ತಿ ಹೋಯಿತು. ಲಿನ್ನೇಯಸ್ ಕೊಟ್ಟ ಓಫಿಯೋಕ್ಸೈಲಾನ್ ಎಂಬ ಕುಲನಾಮದ ಅರ್ಥವೂ ಹಾವಿನ ಮರ ಎಂದೇ. ಈಗಿನ ರೌವೋಲ್ಫಿಯ ಎಂಬ ಹೆಸರಿನದು ಬೇರೆಯೇ ಕಥೆ. 1703ರಲ್ಲಿ ಪ್ಲುಮಿಯೆ ಎಂಬ ಫ್ರೆಂಚ್ ಪಾದ್ರಿ ಅಮೆರಿಕದ ಒಂದು ಗಿಡದ ಕುಲಕ್ಕೆ ಜರ್ಮನಿಯ ಆಗ್ಸ್‌ಬರ್ಗಿನ ವೈದ್ಯ ಲಿಯೋನ್‌ಹಾರ್ಡ್ ರೌವೋಲ್ಫ್‌ನ ಹೆಸರಿಟ್ಟ. ನಮ್ಮ ಗಿಡ ಮುಂದೆ ಆ ಕುಲಕ್ಕೆ ಸೇರಿತು. 1596ರಲ್ಲಿ ತೀರಿಕೊಂಡಿದ್ದ ಆ ವೈದ್ಯ ಇದನ್ನು ಕಂಡವನೇ ಅಲ್ಲ.

ನಿದ್ದೆಯ ಗುಣ ಗೊತ್ತಿದ್ದದ್ದು ಬಿಹಾರದ ಜನಕ್ಕೆ. ಅಲ್ಲಿ ಇದಕ್ಕೆ 'ಪಾಗಲ್ ಕಿ ದವಾ', ಹುಚ್ಚಿನ ಮದ್ದು, ಎಂಬ ಹೆಸರಿತ್ತು. ಹಟ ಮಾಡುವ ಕೂಸುಗಳನ್ನು ಮಲಗಿಸಲು ಬಡವರ ಮನೆಗಳಲ್ಲಿ ತೇದು ಕೊಡುತ್ತಿದ್ದರು. ಈ ಬಳಕೆಯನ್ನು ವೈದ್ಯಪತ್ರಿಕೆಗೆ ತಂದವರು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್. 1931ರ ಅವರ ಬರಹ ಹುಚ್ಚು ಮತ್ತು ರಕ್ತದ ಏರೊತ್ತಡ ಎರಡನ್ನೂ ಒಟ್ಟಿಗೆ ಹೆಸರಿಸಿತು. ದಿನಕ್ಕೆರಡು ಸಲ 20ರಿಂದ 30 ಗ್ರೇನ್, ಇಂದಿನ ಲೆಕ್ಕದಲ್ಲಿ ಸುಮಾರು 1.3ರಿಂದ 2 ಗ್ರಾಂ ಪುಡಿ ಕೊಟ್ಟರೆ ನಿದ್ದೆ ಬರುತ್ತದೆ, ಒತ್ತಡ ಇಳಿಯುತ್ತದೆ, ಉದ್ರೇಕ ತಗ್ಗುತ್ತದೆ ಎಂದು ಅವರು ಬರೆದರು. ಮೂರೂ ಗುಣಗಳು ಒಂದೇ ವಾಕ್ಯದಲ್ಲಿ ಕೂಡಿದ್ದವು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅವು ಹಾಗೆ ಕೂಡಿ ಬರುವುದು ಅಪರೂಪ.

ಅದೇ 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಬೇರಿನಿಂದ ಐದು ಕ್ಷಾರಾಭಗಳನ್ನು ಬೇರ್ಪಡಿಸಿದರು. ಒಂದಕ್ಕೆ ತಮ್ಮ ಸಂಸ್ಥೆಯ ಹಿರಿಯ, 1927ರಲ್ಲಿ ತೀರಿಕೊಂಡಿದ್ದ ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಅಜ್ಮಲೀನ್ ಹೃದಯದ ಲಯ ತಿದ್ದುವ ಮದ್ದಾಗಿ ಇಂದಿಗೂ ಬಳಕೆಯಲ್ಲಿದೆ. ಆದರೆ ಹರಳುಗಟ್ಟಿ ಬಂದ ಈ ಐದರಲ್ಲಿ ನಿದ್ದೆ ಇರಲಿಲ್ಲ. ಅದು ಉಳಿದದ್ದು ಅಂಟಾದ ರಾಳದ ಭಾಗದಲ್ಲಿ. ಗುಪ್ತಾ ಮತ್ತು ಸಂಗಡಿಗರು 1944ರಲ್ಲಿ ಬೇರಿನಿಂದ ತೆಗೆದ ರಾಳಕ್ಕೆ ನಿದ್ದೆ ತರಿಸುವ ಗುಣವಿದೆ ಎಂದು ಪ್ರಕಟಿಸಿದರು. ಶುದ್ಧ ಹರಳಿನ ಹಂಬಲದಲ್ಲಿ ರಸಾಯನಜ್ಞರು ಬದಿಗಿಟ್ಟ ಜಿಗುಟು ಪದಾರ್ಥವೇ ಈ ಕಥೆಯ ಕೀಲಿ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ ಕಂಪನಿ ಕೈ ಹಾಕಿದ್ದೂ ಆ ರಾಳಕ್ಕೇ. 1952ರಲ್ಲಿ ಮ್ಯುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ಅದರಿಂದ ರಿಸರ್ಪಿನ್ ತೆಗೆದರು. ಅವರ ಲೇಖನದ ಶೀರ್ಷಿಕೆಯಲ್ಲೇ ಅದನ್ನು ಬೇರಿನ ಶಾಮಕ ಅಂಶ ಎಂದು ಕರೆದಿತ್ತು. ಆದರೆ ಮಾರುಕಟ್ಟೆ ಆಗಲೇ ಬೇರೆ ದಾರಿ ಹಿಡಿದಿತ್ತು. ಮುಂಬೈಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 50 ರೋಗಿಗಳ ಮೇಲೆ ಈ ಬೇರನ್ನು ಪರೀಕ್ಷಿಸಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಲೇಖನ ಅದನ್ನು ಜಗತ್ತಿನ ಕಣ್ಣಿಗೆ ರಕ್ತದೊತ್ತಡದ ಮದ್ದಾಗಿಸಿತ್ತು. ಡೆಹರಾಡೂನಿನಲ್ಲಿ 1930ರಲ್ಲಿ ಹುಟ್ಟಿ ಮುಂದೆ ಬೆಂಗಳೂರಿಗೆ ನೆಲೆ ಬದಲಿಸಿದ ಹಿಮಾಲಯ ಕಂಪನಿ ಇದೇ ಬೇರಿನ ಸರ್ಪಿನಾ ಮಾತ್ರೆಯನ್ನು 1934ರಿಂದಲೇ ಮಾರುತ್ತಿತ್ತು. ಬರ್ಮಾದಲ್ಲಿ ಪುಂಡಾನೆಗಳಿಗೆ ಈ ಬೇರು ತಿನ್ನಿಸಿ ತಣ್ಣಗಾಗಿಸುತ್ತಿದ್ದುದನ್ನು ಸ್ಥಾಪಕರು ಕಂಡರಂತೆ ಎಂಬ ಕಥೆ ಆ ಮಾತ್ರೆಯ ಜೊತೆಗೇ ಬರುತ್ತದೆ.

ಒತ್ತಡ ಅಳೆಯಲು ಪಾದರಸದ ಪಟ್ಟಿ ಇತ್ತು. ಸಮಾಧಾನ ಅಳೆಯಲು ಏನಿತ್ತು? ನ್ಯೂಯಾರ್ಕಿನ ರಾಕ್‌ಲ್ಯಾಂಡ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ರೋಗಿಗಳಿಗೆ ರಿಸರ್ಪಿನ್ ಕೊಟ್ಟಾಗ, ವ್ಯತ್ಯಾಸವನ್ನು ಗುರುತಿಸಿದವರಲ್ಲಿ ಕಿಟಕಿಗೆ ಗಾಜು ಕೂರಿಸುವ ಕೆಲಸಗಾರನೂ ಒಬ್ಬ. ವಾರ್ಡಿನಲ್ಲಿ ಒಡೆಯುವ ಗಾಜು ಕಡಿಮೆಯಾಗಿತ್ತು. ಆ ಕಾಲದ ಎಷ್ಟೋ ಅಂಕಿಪಟ್ಟಿಗಳಿಗಿಂತ ಈ ಗಾಜಿನ ಲೆಕ್ಕವೇ ನನಗೆ ಹೆಚ್ಚು ನೆಚ್ಚಿಕೆಯದಾಗಿ ತೋರುತ್ತದೆ. ಅಹಮದಾಬಾದಿನ ವೈದ್ಯ ಆರ್. ಎ. ಹಕೀಂ 1953ರಲ್ಲಿ ವರದಿ ಮಾಡಿದ್ದ ಅನುಭವ ಕ್ಲೈನ್‌ಗೆ ಪತ್ರಿಕೆಯ ಸುದ್ದಿಯಾಗಿ ತಲುಪಿತ್ತು. 1957ರಲ್ಲಿ ಕ್ಲೈನ್ ಮತ್ತು ವಕೀಲ್ ಇಬ್ಬರಿಗೂ ಲ್ಯಾಸ್ಕರ್ ಪ್ರಶಸ್ತಿ ಬಂತು.

ರಿಸರ್ಪಿನ್ ಕೆಲಸ ಮಾಡುವ ಬಗೆ ಹೀಗೆ. ನರಕೋಶದ ತುದಿಯಲ್ಲಿ ಸೆರೊಟೋನಿನ್, ಡೋಪಮೀನ್, ನಾರಡ್ರಿನಲಿನ್‌ಗಳನ್ನು ತುಂಬಿಟ್ಟುಕೊಳ್ಳುವ ಪುಟ್ಟ ಚೀಲಗಳಿವೆ. ಆ ಚೀಲಗಳ ಬಾಯಿಯಲ್ಲಿ ಸರಕು ಒಳಗೆ ತಳ್ಳುವ ಪ್ರೋಟೀನ್ ಒಂದಿದೆ. ರಿಸರ್ಪಿನ್ ಅದಕ್ಕೆ ಬೀಗ ಹಾಕುತ್ತದೆ. ಕಣಜ ತುಂಬುವುದು ನಿಂತು, ಹೊರಗುಳಿದ ಕಾಳನ್ನು ಕಿಣ್ವಗಳು ತಿಂದು ಮುಗಿಸುತ್ತವೆ. 1955ರಲ್ಲಿ ಅಮೆರಿಕದಲ್ಲಿ ಬ್ರೋಡಿ ಗುಂಪು ಸೆರೊಟೋನಿನ್ ಹೀಗೆ ಬರಿದಾಗುವುದನ್ನು ತೋರಿಸಿತು. 1957ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್, ರಿಸರ್ಪಿನ್‌ನಿಂದ ಜೋತುಬಿದ್ದ ಮೊಲಗಳಿಗೆ ಎಲ್-ಡೋಪ ಚುಚ್ಚಿ ಮತ್ತೆ ಓಡಾಡಿಸಿದರು. ಪಾರ್ಕಿನ್ಸನ್ ಚಿಕಿತ್ಸೆಯ ಬೀಜ ಅಲ್ಲಿದೆ. ಕಾರ್ಲ್‌ಸನ್‌ರಿಗೆ ಬಂದ 2000ದ ನೊಬೆಲ್‌ನ ಬುಡದಲ್ಲಿಯೂ ಈ ಕಹಿ ಬೇರಿದೆ.

ಮನಸ್ಸಿನ ಮೇಲೆ ಅದರ ಪರಿಣಾಮದ ಚರಿತ್ರೆ ಇಷ್ಟು ನೇರವಲ್ಲ. ಒತ್ತಡಕ್ಕೆ ಮಾತ್ರೆ ತೆಗೆದುಕೊಂಡ ಕೆಲವರು ಖಿನ್ನರಾದರು ಎಂಬ ವರದಿಗಳು ಬಂದವು. ಸೆರೊಟೋನಿನ್‌ನಂಥವು ಕಡಿಮೆಯಾದರೆ ಖಿನ್ನತೆ ಎಂಬ ಸಿದ್ಧಾಂತಕ್ಕೆ ಅವೇ ಊರುಗೋಲಾದವು. ಆದರೆ 1955ರಲ್ಲೇ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ಡೇವಿಸ್ ಮತ್ತು ಶೆಫರ್ಡ್, ಆತಂಕ ಮತ್ತು ಖಿನ್ನತೆಯ ಹೊರರೋಗಿಗಳಿಗೆ ಹುಸಿಮಾತ್ರೆಯ ಎದುರು ರಿಸರ್ಪಿನ್ ಕೊಟ್ಟು ನೋಡಿ, ಅದರಿಂದ ಅವರಿಗೆ ಗುಣವಾಯಿತೆಂದು ಲ್ಯಾನ್ಸೆಟ್‌ನಲ್ಲಿ ಬರೆದಿದ್ದರು. ನಿದ್ದೆ, ಆತಂಕಗಳ ಚರಿತ್ರೆಗೆ ಬೇಕಾದ ಪ್ರಯೋಗ ಅದೇ. ಸಿದ್ಧಾಂತಕ್ಕೆ ಒಗ್ಗದ ಕಾರಣ ದಶಕಗಳ ಕಾಲ ಮೂಲೆ ಸೇರಿತು.

ಇನ್ನು ನಿದ್ದೆ. 1964ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಮತ್ಸುಮೊಟೊ ಮತ್ತು ಮಿಷೆಲ್ ಜೂವೆ ಬೆಕ್ಕುಗಳಿಗೆ ರಿಸರ್ಪಿನ್ ಕೊಟ್ಟರು. ಬೆಕ್ಕುಗಳು ಮಂಕಾದವು, ಮಲಗಿದಂತೆ ಬಿದ್ದುಕೊಂಡವು. ಆದರೆ ಮಿದುಳಿನ ಅಲೆಗಳ ದಾಖಲೆಯಲ್ಲಿ ನಿದ್ದೆ ಇರಲಿಲ್ಲ. ಗಾಢ ನಿದ್ದೆಯೂ ಇಲ್ಲ, ಕನಸಿನ ನಿದ್ದೆಯೂ ಇಲ್ಲ. ಸೆರೊಟೋನಿನ್‌ನ ಪೂರ್ವವಸ್ತು ಕೊಟ್ಟಾಗ ಮೊದಲನೆಯದು ಮರಳಿತು, ಡೋಪ ಕೊಟ್ಟಾಗ ಎರಡನೆಯದು. ಮನುಷ್ಯರಲ್ಲಿ ಫಲ ಬೇರೆಯಾಗಿತ್ತು. ಅವರಲ್ಲಿ ಕನಸಿನ ನಿದ್ದೆ ಹೆಚ್ಚಿತು, ದುಃಸ್ವಪ್ನಗಳೂ ಬಂದವು. ಹಾಗಾದರೆ ಬಿಹಾರದ ತಾಯಂದಿರು ಕೂಸಿಗೆ ಕೊಟ್ಟದ್ದು ನಿದ್ದೆಯೋ, ಬರೀ ಸುಮ್ಮನಿರುವಿಕೆಯೋ? ಇಡೀ ಬೇರಿನಲ್ಲಿ ರಿಸರ್ಪಿನ್ ಜೊತೆ ಹತ್ತಾರು ಕ್ಷಾರಾಭಗಳಿವೆ, ಆದ್ದರಿಂದ ಬೆಕ್ಕಿನ ಫಲವನ್ನು ತೊಟ್ಟಿಲಿಗೆ ಹೊರಿಸಲಾಗದು. ಆದರೆ ಮಂಕನ್ನೂ ನಿದ್ದೆಯನ್ನೂ ಒಂದೇ ಎಂದು ಬಗೆದ ತಪ್ಪು ಆ ತಾಯಂದಿರದಷ್ಟೇ ಅಲ್ಲ, ಶಾಮಕ ಎಂಬ ಪಟ್ಟಿ ಅಂಟಿಸಿದ ಔಷಧವಿಜ್ಞಾನದ್ದೂ ಹೌದು.

50ರ ದಶಕದಲ್ಲಿ ಭಾರತ ಬೇರಿನ ರಫ್ತಿಗೆ ತಡೆ ಹಾಕಿದಾಗ ಕಂಪನಿಗಳು ಆಫ್ರಿಕಾದ ಸೋದರ ಪ್ರಭೇದದತ್ತ ತಿರುಗಿದವು. ನಮ್ಮ ಕಾಡಿನಲ್ಲಿ ಅಗೆತ ನಿಲ್ಲಲಿಲ್ಲ. ಬೇರಿಗಾಗಿ ಕಿತ್ತ ಗಿಡ ಮತ್ತೆ ಚಿಗುರುವುದಿಲ್ಲವಲ್ಲ. 1990ರಲ್ಲಿ ಈ ಗಿಡವನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಲಾಯಿತು. ಅಷ್ಟರಲ್ಲಿ ಹೊಸ ಮದ್ದುಗಳು ಬಂದು ರಿಸರ್ಪಿನ್ ವೈದ್ಯರ ಚೀಟಿಯಿಂದ ಬಹುಮಟ್ಟಿಗೆ ಮರೆಯಾಗಿತ್ತು.

ಮರೆಯಾದದ್ದು ಚೀಟಿಯಿಂದ ಮಾತ್ರ. 2009ರಲ್ಲಿ ಜಪಾನಿನ ಸಂಶೋಧಕರು ಇಲಿಗಳಿಗೆ ಮೂರು ದಿನ ರಿಸರ್ಪಿನ್ ಚುಚ್ಚಿದರೆ ವಾರಗಟ್ಟಲೆ ಸ್ನಾಯುನೋವು ಉಳಿಯುತ್ತದೆ, ಮೆಲ್ಲಗೆ ಮುಟ್ಟಿದರೂ ಕಾಲು ಹಿಂದೆಳೆದುಕೊಳ್ಳುತ್ತವೆ, ಜೊತೆಗೆ ಖಿನ್ನತೆಯ ಲಕ್ಷಣಗಳೂ ಕಾಣುತ್ತವೆ ಎಂದು ತೋರಿಸಿದರು. ನಿದ್ದೆಗೇಡು ಮತ್ತು ಮೈತುಂಬ ನೋವು ಒಟ್ಟಿಗೆ ಬರುವ ಫೈಬ್ರೊಮಯಾಲ್ಜಿಯ ಕಾಯಿಲೆಗೆ ಇದು ಪ್ರಯೋಗಾಲಯದ ಮಾದರಿಯಾಯಿತು. ಚರಕ ಹೇಳಿದ ಅಂಗಮರ್ದವನ್ನು ಈಗ ಸರ್ಪಗಂಧದ ಸಾರದಿಂದಲೇ ಉಂಟುಮಾಡಲಾಗುತ್ತಿದೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು 2007ರಲ್ಲಿ, ನೀರಿನ ಮೇಲಿನ ಜಾಲರಿಯಲ್ಲಿ ನಿದ್ದೆಗೆಡಿಸಿದ ಇಲಿಗಳಿಗೆ ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದಿನ ಗಿಡದ ಸಾರ, ಕೊಟ್ಟು ಅವುಗಳ ವರ್ತನೆ ಸುಧಾರಿಸುವುದನ್ನು ಕಂಡರು. ಗ್ರಂದಿಗೆ ಅಂಗಡಿಯವರು ನನಗೆ ಹೇಳಿದ್ದೂ ಅದನ್ನೇ. ಅದೇ ವಿಶ್ವವಿದ್ಯಾಲಯದ ಮತ್ತೊಂದು ತಂಡ 2011ರಲ್ಲಿ ರಿಸರ್ಪಿನ್‌ನಿಂದ ನೋವೂ ಖಿನ್ನತೆಯೂ ಕೂಡಿ ಬಂದ ಇಲಿಗಳಿಗೆ ಅರಿಶಿನದ ಕುರ್ಕ್ಯುಮಿನ್ ಕೊಟ್ಟಿತು. ಎರಡೂ ತಗ್ಗಿದವು. ಇಲಿಯ ಫಲ ಮನುಷ್ಯನದಲ್ಲ ಎಂಬ ಎಚ್ಚರ ಇಲ್ಲಿ ಇರಲೇಬೇಕು. ಆ ಪಂಜರದಲ್ಲಿ ಬೇನೆ ತಂದದ್ದು ಒಂದು ಬೇರು, ತಗ್ಗಿಸಿದ್ದು ಇನ್ನೊಂದು ಕೊಂಬು. ಗ್ರಂದಿಗೆ ಅಂಗಡಿಯಲ್ಲಿ ಎರಡರ ಡಬ್ಬಗಳೂ ಒಂದೇ ಅಟ್ಟಣಿಗೆಯಲ್ಲಿದ್ದವು.