ಕಮಾನು ಕಟ್ಟಿದ ಬಂಡಿ

ಟ್ರಕ್ಕಿನ ಬೆನ್ನಿಗೆ ಮನೆ ಏರಿಸಿಕೊಂಡು ಸುತ್ತುವ ಷೋಕಿ ಅಮೆರಿಕದ್ದೇ ಇರಬಹುದು. ದುಡಿಯುವ ಗಾಡಿಯನ್ನೇ ನಾಲ್ಕು ದಿನ ಮನೆಯಾಗಿಸುವ ಪದ್ಧತಿ ಮಾತ್ರ ರಾಂಪುರ, ಚಳ್ಳಕೆರೆ ಸೀಮೆಗೆ ಹೊಸದಲ್ಲ. ಸುಗ್ಗಿ ಮುಗಿದು ಫಾಲ್ಗುಣ ಬಂತೆಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು. ಅದಕ್ಕೆ ಹೊರಡಲು ಗೊಬ್ಬರ ಹೊತ್ತ ಬಂಡಿಯನ್ನೇ ತೊಳೆದು, ಬಿದಿರಿನ ದಬ್ಬೆ ಬಾಗಿಸಿ, ಮೇಲೆ ಚಾಪೆ ಬಿಗಿದು, ಒಳಗೆ ಹುಲ್ಲು ಹಾಸಿ ಕಂಬಳಿ ಹರವುತ್ತಿದ್ದರು. ಆದರೆ ನಿಜವಾದ ಸಿದ್ಧತೆ ಇದ್ದದ್ದು ಚಕ್ರದಲ್ಲಿ. ಈ ಸೀಮೆಯ ಒಣ ಬಿಸಿಲಿಗೆ ಚಕ್ರದ ಮರ ಕುಗ್ಗಿ, ಅದನ್ನು ಸುತ್ತಿದ ಕಬ್ಬಿಣದ ಹಳಿ ಸಡಿಲವಾಗುತ್ತದೆ. ಕಮ್ಮಾರ ಅದನ್ನು ಬಿಚ್ಚಿ, ಕತ್ತರಿಸಿ ಕಿರಿದು ಮಾಡಿ, ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರೆರೆಯುತ್ತಿದ್ದ. ತಣಿದ ಹಳಿ ಅರೆಕಾಲುಗಳನ್ನು ನಡುವಿನ ಗುಂಭಕ್ಕೆ ಒತ್ತಿ ಹಿಡಿಯುತ್ತಿತ್ತು. ಆಮೇಲೆ ಅಚ್ಚಿಗೆ ಕೀಲೆಣ್ಣೆ.

ನೆರಳಿಗೆ ಕಟ್ಟಿದ ಚಾಪೆ ಮನೆ ಹೇಗಾದೀತು ಎನ್ನಬಹುದು. ಅಕ್ಕಿ, ಪಾತ್ರೆ, ಎತ್ತಿನ ಮೇವು, ಮಲಗುವ ಮಕ್ಕಳು ಎಲ್ಲವೂ ಅದರಲ್ಲೇ ಇದ್ದವು. ಅಡುಗೆ ಪಕ್ಕದಲ್ಲೇ, ಮೂರು ಕಲ್ಲಿನ ಒಲೆಯಲ್ಲಿ. ಬಂಡಿಯಿಲ್ಲದವರು ನಡೆದೇ ಹೋದರೆಂಬುದೂ ಸುಳ್ಳಲ್ಲ. ಹಾಗಾಗಿ ಕಮಾನು ಭಕ್ತಿಯಷ್ಟೇ ಅಂತಸ್ತನ್ನೂ ಸಾರುತ್ತಿತ್ತು. ಈಗ ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪಾಲು ಕಟ್ಟುತ್ತಾರೆ. ಕುಲುಮೆಯ ಕೆಲಸ ಪಂಕ್ಚರ್ ಅಂಗಡಿಯ ಪಾಲಾಗಿದೆ.