ಕಾಲಿನ ಆಣಿ ಹೇಳುವ ಕಥೆ

ಅಂಗಾಲಿನಲ್ಲಿ ಗಟ್ಟಿಯಾಗಿ ಬೆಳೆದು, ಹೆಜ್ಜೆ ಊರಿದಾಗಲೆಲ್ಲ ಚುಚ್ಚುವ ಚರ್ಮದ ಗಂಟನ್ನು ನಾವು ‘ಆಣಿ’ ಎನ್ನುತ್ತೇವೆ. ಆಣಿ ಎಂದರೆ ಮೊಳೆ. ಸುಶ್ರುತ ಸಂಹಿತೆ ಇದನ್ನು ‘ಕದರ’ ಎಂದು ಕರೆದು, ಕಲ್ಲುಮುಳ್ಳು ತಾಗಿದ ಪಾದದಲ್ಲಿ ಮೂಡುವ, ಕೀಲದಂತೆ ಗಡುಸಾದ ಗಂಟೆಂದು ವರ್ಣಿಸುತ್ತದೆ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಬಳಸಿದ ‘ಕ್ಲಾವಸ್’ ಎಂಬ ಲ್ಯಾಟಿನ್ ಪದಕ್ಕೂ ಮೊಳೆಯೆಂದೇ ಅರ್ಥ. ನೋವು ಒಂದೇ ಆದ್ದರಿಂದ ಹೋಲಿಕೆಯೂ ಒಂದೇ!

ಅಂದಿನ ಚಿಕಿತ್ಸೆ ಏನು? ಕತ್ತರಿಸಿ ತೆಗೆದು ಬಿಸಿ ಎಣ್ಣೆಯಿಂದ ಸುಡಬೇಕೆಂದು ಸುಶ್ರುತ ಸಂಹಿತೆ ಹೇಳಿದರೆ, ಆಗಾಗ ಹೆರೆಯುತ್ತಿರುವುದೇ ಲೇಸೆಂದು ಸೆಲ್ಸಸ್ ಬರೆದ. 1874ರಲ್ಲಿ ಜರ್ಮನಿಯಲ್ಲಿ ಸ್ಯಾಲಿಸಿಲಿಕ್ ಆಮ್ಲದ ಕಾರ್ಖಾನೆ ಆರಂಭವಾಯಿತು. ಚರ್ಮದ ಸತ್ತ ಕೋಶಗಳ ಬೆಸುಗೆಯನ್ನು ಸಡಿಲಿಸುವ ಈ ಆಮ್ಲವೇ ಇಂದಿಗೂ ಆಣಿಪಟ್ಟಿಗಳಲ್ಲಿದೆ.

ಆದರೆ ಇವೆಲ್ಲ ಬೆಳೆದದ್ದನ್ನು ತೆಗೆಯುವ ಉಪಾಯಗಳು. ಅದು ಬೆಳೆಯುವುದಾದರೂ ಏಕೆ? ಒಂದೇ ಜಾಗಕ್ಕೆ ಒತ್ತಡ, ತಿಕ್ಕಾಟ ಮತ್ತೆ ಮತ್ತೆ ಬಿದ್ದಾಗ ಚರ್ಮವು ಕೆರಾಟಿನ್ ತುಂಬಿದ ಕೋಶಗಳನ್ನು ಪದರ ಪದರವಾಗಿ ಪೇರಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಇದೇ ಜಡ್ಡು. ಜಡ್ಡು ಅತಿಯಾದರೆ ಕಾಪಾಡಬೇಕಾದದ್ದೇ ಕೆಳಗಿನ ಮೃದು ಮಾಂಸವನ್ನು ಒತ್ತತೊಡಗುತ್ತದೆ. ನೋವು ಆ ಅಪಾಯದ ಸೂಚನೆ.

ನೋವೇ ತಿಳಿಯದಿದ್ದರೆ? ಇದಕ್ಕೆ ಉತ್ತರ ದೊರೆತದ್ದು ನಮ್ಮ ನೆರೆಯ ವೆಲ್ಲೂರಿನಲ್ಲಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದಗಳನ್ನು ಅಧ್ಯಯನ ಮಾಡಿದರು. ರೋಗದಿಂದ ಮಾಂಸ ತಾನಾಗಿ ಕೊಳೆಯುತ್ತದೆಂಬುದು ಆಗಿನ ನಂಬಿಕೆ. ಸ್ಪರ್ಶಜ್ಞಾನವಿಲ್ಲದ ಪಾದದ ಮೇಲೆ ದಿನವೂ ಬೀಳುವ ಒತ್ತಡವೇ ಹುಣ್ಣಿಗೆ ಕಾರಣವೆಂದು ಅವರು ತೋರಿಸಿಕೊಟ್ಟರು. ಪ್ಲಾಸ್ಟರ್ ಕಟ್ಟಿ ವಿಶ್ರಾಂತಿ ಕೊಟ್ಟಾಗ ಹುಣ್ಣು ಮಾಯುತ್ತಿತ್ತು. ಅದು ಮರುಕಳಿಸದಂತೆ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳು ಬಳಕೆಗೆ ಬಂದವು. ಎಷ್ಟೋ ಕಾಲುಗಳು ಉಳಿದವು.

ಈ ಪಾಠ ಇಂದು ಮಧುಮೇಹಿಗಳಿಗೂ ಅನ್ವಯಿಸುತ್ತದೆ. ಅವರ ನರಗಳೂ ಮರಗಟ್ಟಬಹುದು. ಜಡ್ಡಿನಡಿಯಲ್ಲಿ ಹುಣ್ಣು ಅಡಗಿರಬಹುದು.

ನೀವು ಆರೋಗ್ಯವಂತರಾಗಿದ್ದರೆ ಅಳತೆಗೆ ಸರಿಯಾದ ಪಾದರಕ್ಷೆ ಧರಿಸಿ. ಜಡ್ಡನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಉಜ್ಜುಗಲ್ಲಿನಿಂದ ಮೆಲ್ಲನೆ ತಿಕ್ಕಿ, ಎಣ್ಣೆ ಅಥವಾ ಮುಲಾಮು ಸವರಿ. ಬ್ಲೇಡು ಬೇಡವೇ ಬೇಡ. ಮಧುಮೇಹಿಗಳಿಗೆ ಈ ಮನೆಮದ್ದೂ ಬೇಡ, ಆಣಿಪಟ್ಟಿಯೂ ಬೇಡ, ವೈದ್ಯರೇ ನೋಡಬೇಕು. ನಿಮ್ಮ ಮನೆಯಲ್ಲಿ ಮಧುಮೇಹವಿರುವ ಅಜ್ಜ ಅಥವಾ ಅಜ್ಜಿ ಇದ್ದಾರೆಯೇ? ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳುವುದು ಅವರಿಗೆ ಕಷ್ಟ. ದಿನಕ್ಕೊಮ್ಮೆ ನೀವು ನೋಡಿ ಹೇಳಿ.