ಕೂಲಿಮಠದ ಹಬ್ಬಗಳು

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎಣಿಕೆಯಿಂದ ಪ್ರಾರಂಭಿಸುತ್ತಾರೆ. ಇಂತಹ ವರ್ಷದಲ್ಲಿ ಎಷ್ಟು ಶಾಲೆಗಳಿದ್ದುವು, ಎಷ್ಟು ಮಂದಿ ಮಕ್ಕಳು ಓದುತ್ತಿದ್ದರು, ಬೊಕ್ಕಸದಿಂದ ಎಷ್ಟು ಹಣ ವೆಚ್ಚವಾಯಿತು, ಎಂದು ಮುಂತಾಗಿ. ಇವು ಅವಶ್ಯಕವಾದ ವಿಷಯಗಳೇ ಸರಿ. ಆದರೆ ಹಳ್ಳಿಯ ಶಾಲೆಯು ಊರಿನವರ ಬಾಳಿನಲ್ಲಿ ಯಾವ ಸ್ಥಾನವನ್ನು ಪಡೆದಿದ್ದಿತೆಂಬುದನ್ನು ತಿಳಿಯಬೇಕಾದರೆ, ಪಾಠ ನಡೆಯುತ್ತಿದ್ದ ದಿನಗಳಿಗಿಂತ ಪಾಠ ನಿಂತು ಊರೆಲ್ಲವೂ ಶಾಲೆಯ ಕಡೆಗೆ ಮುಖ ತಿರುಗಿಸುತ್ತಿದ್ದ ದಿನಗಳನ್ನು ನೋಡುವುದು ಮೇಲು. ಅಂತಹ ದಿನಗಳು ನಮ್ಮ ಹಳೆಯ ಕೂಲಿಮಠಗಳಲ್ಲಿ ವರ್ಷಕ್ಕೆ ಕೆಲವಾದರೂ ಇದ್ದುವು. ಅವುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಶ್ರೋತೃಗಳ ಮುಂದೆ ಇಡಬೇಕೆಂಬುದು ಈ ಭಾಷಣದ ಉದ್ದೇಶ.

ಮೊದಲು ಹೆಸರಿನ ವಿಚಾರ. ನಗರದಲ್ಲಿ ಬೆಳೆದವರಿಗೆ 'ಮಠ'ವೆಂದರೆ ಸ್ವಾಮಿಗಳೂ ಪಲ್ಲಕ್ಕಿಯೂ ನೆನಪಿಗೆ ಬರುತ್ತವೆ. ಹಿಂದಿನ ಹಳ್ಳಿಗರಿಗೆ ಮಠವೆಂದರೆ ಮಕ್ಕಳು ಅಕ್ಷರ ಕಲಿಯುವ ಸ್ಥಳ. ಮಕ್ಕಳ ತಂದೆತಾಯಿಗಳು ಕೊಡುವ ಕೂಲಿಯಿಂದ ಉಪಾಧ್ಯಾಯನ ಜೀವನ ನಡೆಯುತ್ತಿದ್ದುದರಿಂದ ಅದು ಕೂಲಿಮಠವಾಯಿತು. ಉತ್ತರದ ಕಡೆ ಉಪಾಧ್ಯಾಯನನ್ನು ಐಗಳೆಂದು ಕರೆಯುತ್ತಿದ್ದರು. ಇದಕ್ಕೆಂದು ಬೇರೆ ಕಟ್ಟಡವಿರಲೇಬೇಕೆಂದಿರಲಿಲ್ಲ. ದೇವಸ್ಥಾನದ ಹಜಾರ, ಊರಚಾವಡಿ, ಯಾರಾದರೊಬ್ಬ ಅನುಕೂಲಸ್ಥನ ಮನೆಯ ಜಗುಲಿ, ಇವುಗಳಲ್ಲಿ ಯಾವುದಾದರೂ ಸಾಕಾಗುತ್ತಿದ್ದಿತು. ನೆಲದ ಮೇಲೆ ಹರಡಿದ ಮರಳೇ ಮೊದಲನೆಯ ಪುಸ್ತಕ; ಕಪ್ಪು ಬಟ್ಟೆಯ ಕಡತವೂ ಬಳಪವೂ ಆಮೇಲಿನವು.

ಈ ಮಠಗಳ ವಿಷಯದಲ್ಲಿ ನಮಗೆ ದೊರೆತಿರುವ ಅತ್ಯಂತ ಬೆಲೆಯುಳ್ಳ ವರದಿ ಬಳ್ಳಾರಿಯದು. ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ಅವರು ೧೮೨೨ರಲ್ಲಿ, ಪ್ರತಿಯೊಂದು ಜಿಲ್ಲೆಯ ಕಲೆಕ್ಟರೂ ತನ್ನ ಸೀಮೆಯ ದೇಶೀಯ ಪಾಠಶಾಲೆಗಳ ಲೆಕ್ಕವನ್ನು ಕಳುಹಿಸಬೇಕೆಂದು ಆಜ್ಞೆ ಮಾಡಿದರು. ಅನೇಕ ಕಲೆಕ್ಟರುಗಳು ಪಟ್ಟಿಯನ್ನು ತುಂಬಿ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಎ. ಡಿ. ಕ್ಯಾಂಬೆಲ್ ಅವರು ಮಾತ್ರ ೧೮೨೩ನೆಯ ಆಗಸ್ಟಿನಲ್ಲಿ ಸುದೀರ್ಘವಾದ ವರದಿಯೊಂದನ್ನು ಬರೆದರು. ಇವರು ದೇಶಭಾಷೆಗಳನ್ನು ಬಲ್ಲವರು. ೧೮೧೬ರಲ್ಲಿಯೇ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದವರು. ಆದಕಾರಣ ಮಠದೊಳಗೆ ನಡೆಯುವುದೇನೆಂಬುದನ್ನು ನೋಡುವ ಕಣ್ಣು ಅವರಿಗಿದ್ದಿತು.

ಅವರ ಲೆಕ್ಕದಂತೆ ಜಿಲ್ಲೆಯ ಜನಸಂಖ್ಯೆ ೯,೨೭,೮೫೭; ಪಾಠಶಾಲೆಗಳು ೫೩೩; ವಿದ್ಯಾರ್ಥಿಗಳು ೬,೬೪೧. ಶಾಲೆಗಳ ಪೈಕಿ ಕನ್ನಡದವು ೨೩೫, ತೆಲುಗಿನವು ೨೨೬. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು. ತೆಲುಗಿನ ಶಾಲೆಗಳು ಅಷ್ಟೊಂದಿದ್ದುದಕ್ಕೆ ಕಾರಣವೇನೆಂದರೆ, ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರವೂ ಸೇರಿದ್ದಿತು. ೧೮೮೨ರಲ್ಲಿ ಅದು ಬೇರೆಯಾಯಿತು. ಒಂದೊಂದು ಮಠಕ್ಕೆ ಸರಾಸರಿ ಹನ್ನೆರಡು ಮಕ್ಕಳು. ಈ ಹನ್ನೆರಡೆಂಬ ಸಂಖ್ಯೆಯನ್ನು ಶ್ರೋತೃಗಳು ಸ್ವಲ್ಪ ನೆನಪಿನಲ್ಲಿಡಬೇಕು. ಹನ್ನೆರಡು ಮಕ್ಕಳ ಶಾಲೆಯಲ್ಲಿ ಒಂದು ಮನೆಯ ಸಂತೋಷವೂ ದುಃಖವೂ ಉಳಿದ ಹನ್ನೊಂದು ಮನೆಗಳಿಗೆ ತಿಳಿಯದೆ ಹೋಗುವಂತಿಲ್ಲ.

ಕ್ಯಾಂಬೆಲ್ ಅವರು ವರ್ಣಿಸಿರುವ ಮೊದಲನೆಯ ಉತ್ಸವ ಮಗುವನ್ನು ಮಠಕ್ಕೆ ಸೇರಿಸುವುದು. ಮಗುವಿಗೆ ಐದನೆಯ ವರ್ಷ ಬಂದಾಗ ಅದರ ತಂದೆತಾಯಿಗಳು ಉಪಾಧ್ಯಾಯನನ್ನೂ ಮಠದ ಸಮಸ್ತ ವಿದ್ಯಾರ್ಥಿಗಳನ್ನೂ ತಮ್ಮ ಮನೆಗೆ ಬರಮಾಡಿಕೊಳ್ಳುತ್ತಿದ್ದರು. ನಡುವೆ ಗಣೇಶನ ವಿಗ್ರಹ; ಸುತ್ತಲೂ ಮಕ್ಕಳು; ವಿಗ್ರಹಕ್ಕೆ ನೇರವಾಗಿ ಎದುರಲ್ಲಿ ಹೊಸ ಮಗು; ಅದರ ಮಗ್ಗುಲಲ್ಲಿ ಉಪಾಧ್ಯಾಯ. ಧೂಪನೈವೇದ್ಯಗಳಾದ ಬಳಿಕ ಬುದ್ಧಿಯನ್ನು ಕೊಡೆಂದು ಮಗುವಿನ ಬಾಯಿಂದ ಪ್ರಾರ್ಥನೆ ಮಾಡಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಸುತ್ತಿದ್ದರು. ಶಕ್ತ್ಯನುಸಾರವಾದ ಕಾಣಿಕೆ ಗುರುವಿಗೆ ಸಲ್ಲುತ್ತಿದ್ದಿತು. ಮರುದಿನ ಬೆಳಿಗ್ಗೆ ಓದು ಆರಂಭ.

ಈ ಪದ್ಧತಿಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಾವು ಮಗುವನ್ನು ಕೈಹಿಡಿದು ಶಾಲೆಗೆ ಕರೆದೊಯ್ಯುತ್ತೇವೆ, ಅದು ಅಳುತ್ತದೆ, ಬಾಗಿಲಲ್ಲಿ ಬಿಟ್ಟು ಹಿಂದಿರುಗುತ್ತೇವೆ. ಅಂದಿನವರಾದರೋ ಮೊದಲು ಶಾಲೆಯನ್ನೇ ಮನೆಗೆ ಕರೆಯುತ್ತಿದ್ದರು. ಮರುದಿನ ಆ ಹುಡುಗ ಮಠಕ್ಕೆ ಕಾಲಿಟ್ಟಾಗ ಅಲ್ಲಿದ್ದವರು ಹಿಂದಿನ ದಿನ ತನ್ನ ಮನೆಯಲ್ಲಿ ಸುತ್ತ ಕುಳಿತಿದ್ದವರೇ. ಶಿಶುಮನಶ್ಶಾಸ್ತ್ರದ ಗ್ರಂಥಗಳನ್ನು ಓದದ ಜನರು ಇದನ್ನು ಹೇಗೆ ಕಂಡುಕೊಂಡರೋ!

ಆದರೆ ಆ ಮರುದಿನದ ಮಠವು ಮೃದುವಾದ ಸ್ಥಳವೆಂದು ಭಾವಿಸಬಾರದು. ಬೆಳಗಿನ ಆರು ಗಂಟೆಗೆ ಮಠ ಸೇರಬೇಕು. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ, ಅಂದರೆ ಸ್ತುತಿಯೂ ಇಲ್ಲ ನಿಂದೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಹನ್ನೆರಡನೆಯವನ ಪಾಡನ್ನು ಲೆಕ್ಕ ಬಲ್ಲವರು ಊಹಿಸಿಕೊಳ್ಳಬಹುದು. ಸೋಮಾರಿಗಳಿಗೆ ಬೆತ್ತದ ಪೆಟ್ಟಲ್ಲದೆ, ಕೈಗಳನ್ನು ಕಟ್ಟಿ ಸೂರಿಗೆ ತೂಗಹಾಕುವ ಶಿಕ್ಷೆಯೂ ಇದ್ದಿತೆಂದು ವರದಿಯಲ್ಲಿದೆ. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳ ಭಾಷೆ ದಿನಬಳಕೆಯದಲ್ಲ. ಅರ್ಥವನ್ನು ವಿವರಿಸುವ ಶಕ್ತಿ ಎಷ್ಟೋ ವೇಳೆ ಉಪಾಧ್ಯಾಯನಿಗೂ ಇರಲಿಲ್ಲ. ಇದನ್ನು ಕ್ಯಾಂಬೆಲ್ ಅವರು ಮುಚ್ಚಿಡಲಿಲ್ಲ. ಆದರೆ ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವ ಕ್ರಮವನ್ನು ಅವರು ಮನಃಪೂರ್ವಕವಾಗಿ ಹೊಗಳಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿರುವುದು ಉಚಿತವೇ ಎಂದರು. ಅದು ನಿಜ. ೧೭೮೯ರಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಅಧಿಕಾರ ವಹಿಸಿದ ಆಂಡ್ರೂ ಬೆಲ್ ಎಂಬ ಪಾದ್ರಿಯು ಮಲಬಾರಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ಅದನ್ನು ತನ್ನ ಶಾಲೆಯಲ್ಲಿ ಆಚರಣೆಗೆ ತಂದು, ಹಿರಿಯ ಹುಡುಗರಿಂದ ಕಿರಿಯರಿಗೆ ಕಲಿಸುತ್ತ, ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವಿಷಯವಾಗಿ ಪುಸ್ತಕ ಬರೆದನು. ಮದರಾಸು ಪದ್ಧತಿಯೆಂಬ ಹೆಸರಿನಿಂದ ಅದು ಆ ದೇಶದ ಬಡಮಕ್ಕಳ ಶಾಲೆಗಳಲ್ಲಿ ಹರಡಿತು.

ಇನ್ನು ಮಹಾನವಮಿ. ಕೂಲಿಮಠದ ವರ್ಷಕ್ಕೆ ಇದೇ ಕಿರೀಟ. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ೧೬೧೦ರಲ್ಲಿ ಆರಂಭಿಸಿದ ದಸರಾ ಮಹೋತ್ಸವವನ್ನು ನಮ್ಮ ಪುರಜನರೆಲ್ಲರೂ ಬಲ್ಲರು. ಆನೆಯ ಅಂಬಾರಿಯನ್ನು ನೋಡಿದವರು ನೂರು; ಅದೇ ದಿನಗಳಲ್ಲಿ ಹಳ್ಳಿಯ ಬೀದಿಯಲ್ಲಿ ಹೊರಡುತ್ತಿದ್ದ ಮಠದ ಮಕ್ಕಳ ಮೆರವಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡವರು ವಿರಳ. ನವರಾತ್ರಿಯಲ್ಲಿ ಮಠದ ಪುಸ್ತಕ, ಕಡತ, ಬಳಪಗಳನ್ನು ಒಟ್ಟುಗೂಡಿಸಿ ಸರಸ್ವತಿಯ ಪೂಜೆ ಮಾಡುವರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲವಾದುದರಿಂದ ಮಕ್ಕಳಿಗೆ ಆ ದೇವಿಯ ಮೇಲೆ ವಿಶೇಷವಾದ ಭಕ್ತಿ. ಅನಂತರ ಹುಡುಗರು ಒಳ್ಳೆಯ ಬಟ್ಟೆಯುಟ್ಟು, ಗುರುವನ್ನು ಮುಂದಿಟ್ಟುಕೊಂಡು, ಚೌಪದಗಳನ್ನು ಹಾಡುತ್ತ ಮನೆಯಿಂದ ಮನೆಗೆ ಹೋಗುವರು. ತೆಲುಗು ಸೀಮೆಯಲ್ಲಿ ಇವರ ಕೈಯಲ್ಲಿ ಬಣ್ಣದ ಕಾಗದದಿಂದ ಅಲಂಕರಿಸಿದ ಬಿಲ್ಲುಬಾಣಗಳೂ ಇರುತ್ತಿದ್ದುವು. ಹಾಡು ಮುಗಿದ ಮೇಲೆ ಮನೆಯವರು ಗುರುವಿಗೆ ಹಣವನ್ನೋ ಧಾನ್ಯವನ್ನೋ, ಮಕ್ಕಳಿಗೆ ಕಡಲೆ ಬೆಲ್ಲಗಳನ್ನೋ ಕೊಡುವರು.

ಇದನ್ನು ಭಿಕ್ಷಾಟನೆಯೆಂದು ಕೆಲವರು ಜರೆದಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಮರಳಿನಲ್ಲಿ ಬರೆಯುವ ಹುಡುಗನ ತಿಂಗಳ ಕೂಲಿ ನಾಲ್ಕಾಣೆ, ಮುಂದಿನ ಲೆಕ್ಕ ಬರವಣಿಗೆಗಳಿಗೆ ಬಂದವನದು ಎಂಟಾಣೆ. ಹನ್ನೆರಡು ಮಕ್ಕಳಿಂದ ಬರುವುದು ಮೂರರಿಂದ ಆರು ರೂಪಾಯಿ. ಅದೂ ಎಲ್ಲರೂ ಸಕಾಲಕ್ಕೆ ಕೊಟ್ಟರೆ. ಮಹಾನವಮಿಯ ಕಾಣಿಕೆ ಸಂಬಳದ ಕೊರತೆಯನ್ನು ತುಂಬುವ ಉಪಾಯವಾಗಿದ್ದಿತು. ಅಷ್ಟೇ ಅಲ್ಲ. ಅದು ಪರೀಕ್ಷೆಯೂ ಆಗಿದ್ದಿತು. ವರ್ಷವೆಲ್ಲ ಮಠದಲ್ಲಿ ನಡೆದುದೇನು, ಮಗನ ನಾಲಗೆ ತಿರುಗಿತೆ, ಪದ್ಯ ಕಂಠಸ್ಥವಾಯಿತೆ ಎಂಬುದನ್ನು ಓದುಬಾರದ ತಾಯಿಯೂ ತನ್ನ ಬಾಗಿಲಲ್ಲಿ ನಿಂತೇ ಕೇಳಿ ತೀರ್ಮಾನಿಸಬಹುದಾಗಿದ್ದಿತು. ಇಂದಿನ ಇನ್‌ಸ್ಪೆಕ್ಟರವರ ಭೇಟಿಯಲ್ಲಿ ತಾಯಂದಿರಿಗೆ ಸ್ಥಾನವಿಲ್ಲ. ಮಕ್ಕಳಿಲ್ಲದ ಮನೆಯವರೂ, ಮಕ್ಕಳನ್ನು ಮಠಕ್ಕೆ ಕಳುಹಿಸದವರೂ ಹಾಡನ್ನು ಕೇಳಿ ಕಾಣಿಕೆ ಕೊಟ್ಟಾಗ ಮಠವು ಹನ್ನೆರಡು ಮನೆಗಳದಾಗಿ ಉಳಿಯದೆ ಊರಿನದಾಗುತ್ತಿದ್ದಿತು.

ಊರಿನದು ಎಂದೆ, ಆದರೆ ಯಾವ ಊರು? ಇಲ್ಲಿ ಕ್ಯಾಂಬೆಲ್ ಅವರ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ೬,೬೪೧ ಮಕ್ಕಳಲ್ಲಿ ಹುಡುಗಿಯರು ೬೦. ಬ್ರಾಹ್ಮಣ ಬಾಲಕರು ೧,೧೮೫, ವೈಶ್ಯರು ೯೮೧, ಶೂದ್ರರು ೨,೯೯೮, ಇತರ ಜಾತಿಯವರು ೧,೧೭೪, ಮುಸಲ್ಮಾನರು ೨೪೩. ಮೇಲುಜಾತಿಯವರಿಗೆ ಮಾತ್ರವೇ ವಿದ್ಯೆಯಿದ್ದಿತೆಂಬ ಸಾಮಾನ್ಯ ನಂಬಿಕೆಯನ್ನು ಈ ಅಂಕಿಗಳು ಅಲ್ಲಗಳೆಯುತ್ತವೆ. ಆದರೆ ಸುಮಾರು ನೂರ ನಲವತ್ತು ಜನಕ್ಕೆ ಒಬ್ಬನೇ ವಿದ್ಯಾರ್ಥಿ ಎಂಬುದನ್ನೂ ಅವೇ ಹೇಳುತ್ತವೆ. ಹೊರಕೇರಿಯ ಮಗುವಿಗೆ ಮುಂದೆ ಸರ್ಕಾರದ ಶಾಲೆಗಳು ಬಂದಾಗಲೂ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಆ ಮಕ್ಕಳಿಗೆ ಬಹುಕಾಲ ಪ್ರತ್ಯೇಕ ಶಾಲೆಗಳೇ ಇದ್ದುವು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಎಲ್ಲ ಶಾಲೆಗಳಲ್ಲಿಯೂ ಅವರನ್ನು ಸೇರಿಸಬೇಕೆಂದು ಸರ್ಕಾರವು ನಿರ್ಧರಿಸಿದಾಗ ಪ್ರಬಲವಾದ ವಿರೋಧವುಂಟಾಯಿತು. ಚೌಪದದ ಮೆರವಣಿಗೆ ನಿಲ್ಲುತ್ತಿದ್ದ ಬಾಗಿಲುಗಳನ್ನು ನೆನೆಯುವಾಗ ಅದು ತಿರುಗದ ಬೀದಿಗಳನ್ನೂ ನೆನೆಯಬೇಕು.

ಈ ಪಟ್ಟಿಗಳ ಸುತ್ತ ದೊಡ್ಡ ವಾದವೇ ನಡೆದಿದೆ. ೧೯೩೧ನೆಯ ಅಕ್ಟೋಬರ್ ೨೦ರಂದು ಗಾಂಧಿಯವರು ಲಂಡನ್ನಿನಲ್ಲಿ ಮಾತನಾಡುತ್ತ, ಐವತ್ತು ನೂರು ವರ್ಷಗಳ ಹಿಂದೆ ಇದ್ದುದಕ್ಕಿಂತ ಇಂಡಿಯಾದಲ್ಲಿ ನಿರಕ್ಷರತೆ ಹೆಚ್ಚಿದೆಯೆಂದೂ, ಸುಂದರವಾದ ವೃಕ್ಷದ ಬೇರನ್ನು ಅಗೆದು ಹಾಗೆಯೇ ಬಿಟ್ಟುದರಿಂದ ಅದು ನಾಶವಾಯಿತೆಂದೂ ಹೇಳಿದರು. ಢಾಕಾ ವಿಶ್ವವಿದ್ಯಾನಿಲಯದ ಮೊದಲನೆಯ ವೈಸ್ ಛಾನ್ಸಲರಾಗಿದ್ದ ಸರ್ ಫಿಲಿಪ್ ಹಾರ್ಟಾಗ್ ಅವರು ಇದಕ್ಕೆ ಆಧಾರವನ್ನು ಕೇಳಿದರು, ಪತ್ರವ್ಯವಹಾರ ನಡೆಯಿತು, ಹಾರ್ಟಾಗರು ೧೯೩೯ರಲ್ಲಿ ಖಂಡನರೂಪವಾದ ಪುಸ್ತಕವನ್ನೇ ಪ್ರಕಟಿಸಿದರು. ೧೯೮೩ರಲ್ಲಿ ಧರ್ಮಪಾಲರು ಗಾಂಧಿಯವರ ಆ ಉಪಮೆಯನ್ನೇ ಹೆಸರಾಗಿಟ್ಟು ಮನ್ರೋ ಕಾಲದ ಕಾಗದಪತ್ರಗಳನ್ನು ಹೊರತಂದರು. ಒಂದು ಪಕ್ಷದವರು ಕೂಲಿಮಠವನ್ನು ಗುರುಕುಲವಾಗಿ ಚಿತ್ರಿಸುತ್ತಾರೆ. ಮತ್ತೊಂದು ಪಕ್ಷದವರು ಬೆತ್ತವನ್ನೂ ಗಿಣಿಪಾಠವನ್ನೂ ತೋರಿಸಿ ಮುಗಿಸಿಬಿಡುತ್ತಾರೆ. ಇಬ್ಬರೂ ಓದಬೇಕಾದುದು ಕ್ಯಾಂಬೆಲ್ ಅವರ ವರದಿಯ ಇನ್ನೊಂದು ಭಾಗವನ್ನು. ಇಂಗ್ಲಿಷ್ ಬಟ್ಟೆ ಬಂದು ನೇಕಾರರು ಕೆಟ್ಟರು; ದೇಶೀಯ ಪ್ರಭುಗಳ ಆಶ್ರಯ ನಿಂತಿತು; ದೇಶದ ಹಣ ದೇಶದಲ್ಲಿ ಉಳಿಯಲಿಲ್ಲ; ಆದ್ದರಿಂದ ನಾಲ್ಕಾಣೆ ಕೊಡಲಾರದ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡರು, ಮಠಗಳಿದ್ದ ಹಲವು ಹಳ್ಳಿಗಳಲ್ಲಿ ಈಗ ಮಠವಿಲ್ಲ, ಎಂದು ಸರ್ಕಾರದ ಅಧಿಕಾರಿಯೇ ಸರ್ಕಾರಕ್ಕೆ ಬರೆದನು. ಮಠವನ್ನು ಯಾರೂ ಮುಚ್ಚಿಸಲಿಲ್ಲ; ಕಾಣಿಕೆಯ ತಟ್ಟೆ ಬರಿದಾಯಿತು. ಹಬ್ಬದಿಂದ ಬದುಕುವ ಸಂಸ್ಥೆಗೆ ಬಡತನಕ್ಕಿಂತ ದೊಡ್ಡ ಶತ್ರು ಬೇರಿಲ್ಲ.

ಮೈಸೂರಿನಲ್ಲಿ ೧೮೫೭ರಲ್ಲಿ ವಿದ್ಯಾಭ್ಯಾಸದ ಇಲಾಖೆ ಏರ್ಪಟ್ಟಿತು. ಶಾಸನಗಳ ಸಂಗ್ರಹದಿಂದ ನಮಗೆಲ್ಲ ಪರಿಚಿತರಾದ ಲೂಯಿ ರೈಸ್ ಅವರು ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ೧೯೧೩ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವಾಯಿತು. ಉಪಾಧ್ಯಾಯನಿಗೆ ತಿಂಗಳ ಸಂಬಳ, ಮಕ್ಕಳಿಗೆ ಮುದ್ರಿತ ಪುಸ್ತಕ, ಗೋಡೆಗೆ ಭೂಪಟ. ಮಳೆ ಹೋದರೆ ಮಠವೂ ಹೋಗುವ ಅನಿಶ್ಚಯ ತಪ್ಪಿತು. ಇದು ಸಣ್ಣ ಲಾಭವಲ್ಲ. ಆದರೆ ಸಂಬಳದ ಅಧಿಕಾರಿಯು ಬಾಗಿಲಿಗೆ ಬಂದು ಕಾಣಿಕೆ ಪಡೆಯುವುದು ಮರ್ಯಾದೆಯಾಗಲಾರದು. ಚೌಪದಕ್ಕೆ ಇದ್ದ ಆರ್ಥಿಕ ಕಾರಣ ಹೋದ ಮೇಲೆ ಹಾಡು ಮುದುಕರ ಬಾಯಲ್ಲಿ ಉಳಿಯಿತು; ಅಲ್ಲಿಂದ ಜಾನಪದ ಸಂಗ್ರಾಹಕರ ಪುಸ್ತಕಕ್ಕೆ ಹೋಯಿತು.

ಮೆರವಣಿಗೆ ಮಾತ್ರ ಸಾಯಲಿಲ್ಲವೆಂದು ನನ್ನ ಅಭಿಪ್ರಾಯ. ೧೯೪೭ರ ಬಳಿಕ ಪ್ರತಿ ವರ್ಷ ಆಗಸ್ಟ್ ಹದಿನೈದರ ಬೆಳಿಗ್ಗೆ ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳು ಒಗೆದ ಬಟ್ಟೆ ತೊಟ್ಟು, ಉಪಾಧ್ಯಾಯರೊಡನೆ, ಬಾವುಟ ಹಿಡಿದು ಹಾಡುತ್ತ ಊರು ಸುತ್ತಿ ಬರುವ ಪ್ರಭಾತಫೇರಿಯನ್ನು ನೋಡಿದವರಿಗೆ ಇದು ಹೊಸದೆಂದು ತೋರಬಹುದು. ಹಾಡು ಹೊಸದು, ಪೂಜೆಯ ದೇವತೆಯೂ ಬೇರೆ. ಆದರೆ ಗುರು, ಸಾಲು, ಬಾಗಿಲಲ್ಲಿ ನಿಂತು ತನ್ನ ಮಗು ಯಾವುದೆಂದು ಹುಡುಕುವ ತಾಯಿ, ಕೊನೆಯಲ್ಲಿ ಕೈಗೆ ಬರುವ ಸಿಹಿ, ಇವೆಲ್ಲ ಹಳೆಯವೇ. ಸಾಲಿನ ಮುಂದೆ ನಡೆಯುವವರನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಅಲ್ಲಿ ಎಲ್ಲ ಕೇರಿಗಳ ಮಕ್ಕಳೂ ಇರುತ್ತಾರೆ. ಅವರಲ್ಲಿ ಎಷ್ಟೋ ವೇಳೆ ಅರ್ಧಕ್ಕಿಂತ ಹೆಚ್ಚು ಮಂದಿ ಎರಡು ಜಡೆ ಹೆಣೆದ ಹುಡುಗಿಯರು.